ಹಲ್ಲಿನ ಡಾಕ್ಟರಾಗುವ ದಾರಿ: ಅಜ್ಜೀಪುರದಿಂದ ಹೊರಟವರಿಗೆ

ಪಿಯುಸಿ ಫಲಿತಾಂಶ ಬಂದೊಡನೆ ಮನೆಗಳಲ್ಲಿ ಕೇಳಿಬರುವ ಮಾತೊಂದಿದೆ: "ಎಂಬಿಬಿಎಸ್ ಸಿಗದಿದ್ದರೆ ಬಿಡಿಎಸ್ ಆದರೂ ಆಗಲಿ." ಈ 'ಆದರೂ' ಎಂಬ ಪದದಲ್ಲೇ ತೊಡಕಿದೆ. ದಂತವೈದ್ಯಕೀಯ ಎರಡನೇ ದರ್ಜೆಯ ವೈದ್ಯಕೀಯವಲ್ಲ. ಕೈಚಳಕ, ತಾಳ್ಮೆ ಎರಡನ್ನೂ ಬೇಡುವ ಬೇರೆಯೇ ವೃತ್ತಿ ಅದು.

ಕರಾವಳಿಯ ನಮಗೆ ದಂತ ಕಾಲೇಜು ಹೊಸತಲ್ಲ. ಮಣಿಪಾಲದಲ್ಲಿ 1965ರಲ್ಲೇ ಕಾಲೇಜು ಆರಂಭವಾಯಿತು. ಮಂಗಳೂರು, ದೇರಳಕಟ್ಟೆಗಳಲ್ಲೂ ಇವೆ. ಆದರೆ ಈ ವೃತ್ತಿಯ ಅಗತ್ಯ ಅರಿಯಬೇಕಾದರೆ ಚಾಮರಾಜನಗರ ಜಿಲ್ಲೆ ಹನೂರು ತಾಲೂಕಿನ ಅಜ್ಜೀಪುರದಂತಹ ಹಳ್ಳಿಯತ್ತ ನೋಡಬೇಕು. ಇಂತಹ ಊರುಗಳಲ್ಲಿ ಹಲ್ಲುನೋವಿಗೆ ಮೊದಲು ಲವಂಗ, ಆಮೇಲೆ ಮೆಡಿಕಲ್ ಶಾಪಿನ ಮಾತ್ರೆ. ಕೆನ್ನೆ ಊದಿದ ಮೇಲಷ್ಟೇ ಹನೂರಿನ ಅಥವಾ ಕೊಳ್ಳೇಗಾಲದ ಬಸ್ಸು. ಒಂದು ದಿನದ ಕೂಲಿಯೂ ಹೋಯಿತು, ಉಳಿಸಬಹುದಾಗಿದ್ದ ಹಲ್ಲೂ ಹೋಯಿತು. ಎಲೆಅಡಿಕೆಯ ಜತೆ ಹೊಗೆಸೊಪ್ಪು ಜಗಿಯುವವರ ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು ಇದ್ದರೆ ಅದನ್ನು ಮೊದಲು ಗುರುತಿಸುವವರು ಹಲವು ಬಾರಿ ದಂತವೈದ್ಯರೇ. ಬಾಯಿ ಕ್ಯಾನ್ಸರಿನಲ್ಲಿ ಬೇಗ ಗುರುತಿಸುವುದೆಂದರೆ ಜೀವ ಉಳಿಸುವುದು.

ಹಾಗಾದರೆ ದಾರಿ ಯಾವುದು? ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ನಂತರ ನೀಟ್ ಪರೀಕ್ಷೆ. ಒಟ್ಟು 720 ಅಂಕಗಳಲ್ಲಿ 360 ಜೀವಶಾಸ್ತ್ರಕ್ಕೇ ಮೀಸಲು. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ರಾಜ್ಯದ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುತ್ತದೆ.

ಇಲ್ಲಿ ಹಳ್ಳಿಯ ಪೋಷಕರು ಒಂದು ಸಂಗತಿಯನ್ನು ಮರೆಯಬಾರದು. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಇದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರಗಳಿಗೆ ಬಿಇಒ ಸಹಿಯೂ ಬೇಕು. ಕೌನ್ಸೆಲಿಂಗ್ ಶುರುವಾದ ಮೇಲೆ ಕಚೇರಿಗಳಿಗೆ ಅಲೆಯುವ ಬದಲು ಮೊದಲೇ ಮಾಡಿಸಿಟ್ಟುಕೊಳ್ಳಿ.

ಅಜ್ಜೀಪುರದ ವಿದ್ಯಾರ್ಥಿಗೆ ಹತ್ತಿರದ ದಂತ ಕಾಲೇಜುಗಳು ಮೈಸೂರಿನ ಫಾರೂಕಿಯಾ ಹಾಗೂ ಜೆಎಸ್ಎಸ್. ಜೆಎಸ್ಎಸ್, ಮಣಿಪಾಲದಂತಹ ಡೀಮ್ಡ್ ವಿಶ್ವವಿದ್ಯಾನಿಲಯಗಳ ಸೀಟು ಕೇಂದ್ರದ ಎಂಸಿಸಿ ಕೌನ್ಸೆಲಿಂಗ್ ಮೂಲಕ ಹೋಗುತ್ತದೆ. ಅಲ್ಲಿ ರಾಜ್ಯದ ಗ್ರಾಮೀಣ ಮೀಸಲಾತಿ ಅನ್ವಯಿಸುವುದಿಲ್ಲ. ಶುಲ್ಕದ ಹೊರೆ ಕಡಿಮೆ ಇರುವುದು 1958ರಲ್ಲಿ ಆರಂಭವಾದ ಬೆಂಗಳೂರಿನ ಸರ್ಕಾರಿ ದಂತ ಕಾಲೇಜಿನಂತಹ ಕಡೆ. ಅಲ್ಪಸಂಖ್ಯಾತ ಹಾಗೂ ಹಿಂದುಳಿದ ವರ್ಗಗಳ ನಿಗಮಗಳ 'ಅರಿವು' ಸಾಲ ಯೋಜನೆಯನ್ನೂ ವಿಚಾರಿಸಿ.

ಬಿಡಿಎಸ್ ನಾಲ್ಕು ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಆರಂಭದಲ್ಲಿ ಅಂಗರಚನಾಶಾಸ್ತ್ರದ ಜತೆಗೆ ಮೇಣದಲ್ಲಿ ಹಲ್ಲು ಕೆತ್ತುವ ಅಭ್ಯಾಸ. ಮೂರನೇ ವರ್ಷದಿಂದ ರೋಗಿಗಳ ಚಿಕಿತ್ಸೆ. ಇದಾದ ಮೇಲೆ ರಾಜ್ಯ ದಂತ ಪರಿಷತ್ತಿನಲ್ಲಿ ನೋಂದಣಿಯಾದರೆ ವೃತ್ತಿ ನಡೆಸಬಹುದು. ಎಂಡಿಎಸ್ ಮತ್ತೆ ಮೂರು ವರ್ಷ.

ಪದವಿ ಸಿಕ್ಕಿತೆಂದು ಮರುದಿನವೇ ಕೈತುಂಬ ಸಂಪಾದನೆ ಬರುವುದಿಲ್ಲ. ನಗರಗಳಲ್ಲಿ ಬೀದಿಗೊಂದು ಡೆಂಟಲ್ ಕ್ಲಿನಿಕ್ ಇರುವುದರಿಂದ ಹೊಸಬರ ಸಂಬಳ ಕಡಿಮೆ. ಒಂದೆರಡು ವರ್ಷ ಹಿರಿಯ ವೈದ್ಯರ ಕೈಕೆಳಗೆ ದುಡಿದು ಕೈ ಪಳಗಿಸಿಕೊಳ್ಳುವುದು ಒಳಿತು. ಸ್ವಂತ ಕ್ಲಿನಿಕ್ಕಿಗೆ ಚೇರು, ಕಂಪ್ರೆಸರ್, ಉಪಕರಣ ಶುದ್ಧಿಗೆ ಆಟೋಕ್ಲೇವ್, ಎಕ್ಸ್‌ರೇ ಬೇಕು. ಜತೆಗೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ ನೋಂದಣಿಯೂ ಆಗಬೇಕು. ದೊಡ್ಡ ಸಾಲ ಮಾಡಿ ನಗರದಲ್ಲಿ ಬಾಡಿಗೆ ಕಟ್ಟುವುದಕ್ಕಿಂತ ಹನೂರಿನಂತಹ ತಾಲೂಕು ಕೇಂದ್ರದಲ್ಲಿ ಒಂದೇ ಚೇರಿನಿಂದ ಶುರುಮಾಡುವುದು ಲೆಕ್ಕಾಚಾರಕ್ಕೂ ಒಗ್ಗುತ್ತದೆ. ಅಲ್ಲಿ ಶುಲ್ಕ ಕಡಿಮೆ, ನಿಜ, ಬಾಡಿಗೆಯೂ ಕಡಿಮೆ. ಊರಿನ ಮಾತು, ಊರಿನ ಜನ ಗೊತ್ತಿರುವ ವೈದ್ಯರಲ್ಲಿ ರೋಗಿಗಳಿಗೂ ಸಲುಗೆ ಹೆಚ್ಚು. ಸರ್ಕಾರಿ ಆಸ್ಪತ್ರೆಗಳಲ್ಲಿ ದಂತ ಆರೋಗ್ಯಾಧಿಕಾರಿ ಹುದ್ದೆಗಳೂ ಇವೆ.

ಆದುದರಿಂದ ಪೋಷಕರಲ್ಲಿ ನಮ್ಮ ವಿನಂತಿ ಇಷ್ಟೇ. ಅಂಕಪಟ್ಟಿ ನೋಡುವ ಮೊದಲು ಮಗುವಿನ ಕೈಯನ್ನು ನೋಡಿ. ಸೂಕ್ಷ್ಮ ಕೆಲಸದಲ್ಲಿ ಆಸಕ್ತಿ, ನೊಂದವರ ಬಳಿ ಕುಳಿತುಕೊಳ್ಳುವ ತಾಳ್ಮೆ ಇದ್ದರೆ ಬಿಡಿಎಸ್ಸನ್ನು ಮೊದಲ ಆಯ್ಕೆಯಾಗಿಯೇ ಬರೆಯಿರಿ.