ಹಳೆಯ ರೈಫಲ್ಲಿಗೆ ಹೊಸ ಮರ

ರೈಫಲ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಉಕ್ಕಿನ ನಳಿಗೆ. ಆದರೆ ಅದನ್ನು ಹಿಡಿದವರ ಕೈಗೂ ಕೆನ್ನೆಗೂ ತಾಗುವುದು ಬಹುಮಟ್ಟಿಗೆ ಮರವೇ. ಉಕ್ಕಿಗೆ ಎಣ್ಣೆ ಹಚ್ಚಿ ಒಣ ಜಾಗದಲ್ಲಿಟ್ಟರೆ ನೂರು ವರ್ಷ ನಿಂತೀತು, ಮರ ಹಾಗಲ್ಲ. ಅದು ಬಿರಿಯುತ್ತದೆ, ಕುಗ್ಗುತ್ತದೆ, ಹುಳ ಹಿಡಿಯುತ್ತದೆ. ಆದಕಾರಣ ಹಳೆಯ ಸೈನಿಕ ರೈಫಲ್ಲನ್ನು ಮೊದಲಿನ ರೂಪಕ್ಕೆ ತರಲು ಹೊರಟವರಿಗೆ ಎದುರಾಗುವ ದೊಡ್ಡ ತೊಡಕೆಂದರೆ ಅದಕ್ಕೆ ಒಪ್ಪುವ ಮರವನ್ನು ದೊರಕಿಸುವುದೇ. ನಾನು ಬಡಗಿಯ ಮಗಳು, ಎನ್.ಸಿ.ಸಿ.ಯಲ್ಲಿ ಮೂರು ವರ್ಷ ಕವಾಯತು ಮಾಡಿದವಳು. ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಲು ಇವೆರಡೂ ಕಾರಣ.

ನಾನಿಲ್ಲಿ ಹೇಳಹೊರಟಿರುವುದು ಲೀ-ಎನ್‌ಫೀಲ್ಡ್ ರೈಫಲ್ಲಿನ ವಿಚಾರ; ನಮ್ಮ ಜನ 'ತ್ರೀ ನಾಟ್ ತ್ರೀ' ಎನ್ನುವುದು ಇದನ್ನೇ. ಇದರ ಮೂರನೆಯ ಮಾದರಿ ೧೯೦೭ರಲ್ಲಿ ಬ್ರಿಟಿಷ್ ಸೇನೆಗೆ ಬಂದಿತು. ಇಂಗ್ಲೆಂಡಿನಲ್ಲಲ್ಲದೆ ಬಂಗಾಳದ ಈಶಾಪುರದಲ್ಲಿಯೂ ಆಸ್ಟ್ರೇಲಿಯದ ಲಿತ್‌ಗೋದಲ್ಲಿಯೂ ತಯಾರಾಯಿತು. ಎರಡು ಮಹಾಯುದ್ಧಗಳಲ್ಲಿ ಭಾರತದ ಸಿಪಾಯಿಗಳು ಹೊತ್ತದ್ದು ಇದನ್ನೇ. ಉತ್ತರ ಪ್ರದೇಶದ ಪೊಲೀಸರು ೨೦೨೦ರ ಗಣರಾಜ್ಯೋತ್ಸವದಂದು ಇದಕ್ಕೆ ಬೀಳ್ಕೊಡುಗೆ ಕೊಟ್ಟರೆಂದರೆ ಇದರ ಆಯುಸ್ಸು ಎಷ್ಟೆಂಬುದನ್ನು ವಾಚಕರೇ ಊಹಿಸಬಹುದು.

ಈ ರೈಫಲ್ಲಿನ ಮರ ಒಂದೇ ತುಂಡಲ್ಲ. ಹೆಗಲಿಗೆ ಒರಗುವ ಬಟ್ಟು ಒಂದು. ನಳಿಗೆಯ ಕೆಳಗೆ ಮೂತಿಯವರೆಗೆ ಚಾಚಿದ ಉದ್ದನೆಯ ಮುಂಭಾಗ ಇನ್ನೊಂದು. ಕಾದ ನಳಿಗೆ ಕೈ ಸುಡದಂತೆ ಮೇಲೆ ಮುಚ್ಚುವ ಚಿಕ್ಕ ತುಂಡುಗಳು ಎರಡು. ಇವುಗಳಲ್ಲಿ ಬಟ್ಟನ್ನು ಹುಡುಕುವುದು ಅಷ್ಟು ಕಷ್ಟವಲ್ಲ. ಅಳತೆಯನ್ನು ಮಾತ್ರ ನೋಡಿಕೊಳ್ಳಬೇಕು. ಸಾಮಾನ್ಯ ಅಳತೆಗಿಂತ ಅರ್ಧ ಅಂಗುಲ ಉದ್ದನೆಯದು, ಅರ್ಧ ಅಂಗುಲ ಗಿಡ್ಡನೆಯದು, ಒಂದು ಅಂಗುಲ ಗಿಡ್ಡನೆಯದು ಎಂದು ಬೇರೆ ಬೇರೆ ಮಾಡಿ, ಗುರುತಿಗೆ ಅಕ್ಷರ ಒತ್ತುತ್ತಿದ್ದರು. ಸಿಪಾಯಿಯ ತೋಳಿಗೆ ತಕ್ಕ ಬಟ್ಟು! ನಮ್ಮ ತರಗತಿಯ ಬೆಂಚುಗಳಿಗೂ ಯಾರಾದರೂ ಇಷ್ಟು ಯೋಚಿಸಿದ್ದರೆ ಎನಿಸುತ್ತದೆ.

ನಿಜವಾದ ಸಂಕಟ ಮುಂಭಾಗದ ಮರದ್ದು. ಬಟ್ಟಿನ ಒಳಗೆ ಉದ್ದಕ್ಕೂ ಒಂದು ಬೋಲ್ಟು ಹಾಯ್ದು ಉಕ್ಕಿನ ಭಾಗಕ್ಕೆ ತಿರುಪಿಕೊಂಡಿರುತ್ತದೆ. ಅದರ ತುದಿ ಚೌಕಾಕಾರ. ಆ ಚೌಕವು ಮುಂಭಾಗದ ಮರದ ಹಿಂಬದಿಯಲ್ಲಿರುವ ಚಿಕ್ಕ ತಗಡಿನ ಗಾಡಿಯಲ್ಲಿ ಕೂತು, ಬೋಲ್ಟು ಸಡಿಲವಾಗದಂತೆ ತಡೆಯುತ್ತದೆ. ಆದುದರಿಂದ ಬಿಚ್ಚುವಾಗ ಮುಂಭಾಗವನ್ನು ಮೊದಲು ತೆಗೆಯತಕ್ಕದ್ದು, ಬಟ್ಟನ್ನು ಅನಂತರ. ಇದನ್ನರಿಯದೆ ಬಟ್ಟಿನ ಬೋಲ್ಟನ್ನೇ ಮೊದಲು ತಿರುಗಿಸಿದರೆ ಆ ಚೌಕದ ತುದಿ ಒಳಗಿನಿಂದಲೇ ಮರವನ್ನು ಸೀಳಿಬಿಡುತ್ತದೆ. ಹಳೆಯ ರೈಫಲ್ಲುಗಳ ಮುಂಭಾಗದ ಮರ ಹಿಂಬದಿಯಲ್ಲಿ ಬಿರಿದಿರುವುದಕ್ಕೆ ಇದು ಒಂದು ಮುಖ್ಯ ಕಾರಣ.

ಇನ್ನೊಂದು ಕಾರಣ ಗುಂಡಿನ ಹಿಮ್ಮೆಟ್ಟು. ಗುಂಡು ಹಾರಿದಾಗ ಉಕ್ಕಿನ ಭಾಗ ಹಿಂದಕ್ಕೆ ಬಂದು, ಮ್ಯಾಗಜೀನಿನ ಹಿಂದುಗಡೆ ಮರದೊಳಗೆ ಕೊರೆದ ಎರಡು ಚಿಕ್ಕ ಮುಖಗಳಿಗೆ ಗುದ್ದುತ್ತದೆ. ಪೆಟ್ಟೆಲ್ಲ ಆ ಹೆಬ್ಬೆರಳಗಲದ ಮರದ ಮೇಲೆ! ಅಲ್ಲಿ ಕೂದಲೆಳೆಯಷ್ಟು ಸಂದು ಬಿದ್ದರೂ ಸಾಕು, ಮರ ಜಜ್ಜಿ ಕೊನೆಗೆ ಸೀಳುತ್ತದೆ. ಲಿತ್‌ಗೋದವರು ಅಕ್ರೋಟಿನ ಬದಲು ತಮ್ಮ ದೇಶದ ಮೆದು ಮರವನ್ನು ಬಳಸತೊಡಗಿದಾಗ ಅಲ್ಲಿ ತಾಮ್ರದ ತಗಡು ಕೂರಿಸಿದರು. ಈಶಾಪುರದವರು ಮರಕ್ಕೆ ಅಡ್ಡಲಾಗಿ ಒಂದು ಸ್ಕ್ರೂ ಹಾಕಿ ಬಿಗಿದರು. ನನಗೆ ಈಶಾಪುರದ ಉಪಾಯವೇ ಹೆಚ್ಚು ಹಿಡಿಸಿತು; ಬಿರುಕು ಬಿಟ್ಟ ಬಾಗಿಲಿಗೆ ನಮ್ಮ ಮನೆಯಲ್ಲಿ ಮಾಡುವುದೂ ಅದನ್ನೇ.

ಹೊರದೇಶಗಳಲ್ಲಿ ಇಂಥ ಮರ ಮೂರು ಬಗೆಯಲ್ಲಿ ದೊರೆಯುತ್ತದೆ: ಉಗ್ರಾಣಗಳಲ್ಲಿ ಬಳಸದೆ ಉಳಿದ ಹಳೆಯ ದಾಸ್ತಾನು, ಕೆಟ್ಟ ರೈಫಲ್ಲುಗಳಿಂದ ಕಳಚಿದ್ದು, ಈಗ ಹೊಸದಾಗಿ ಕಡೆದದ್ದು. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕ, ಕೆನಡ, ಆಸ್ಟ್ರೇಲಿಯಗಳಲ್ಲಿ ಇವು ಅಗ್ಗವಾಗಿ ಮಾರಾಟವಾದವು. ಕೊಂಡವರು ಬೇಟೆಗೆ ಹಗುರವಾಗಲೆಂದು ಮುಂಭಾಗದ ಮರವನ್ನು ಅರ್ಧಕ್ಕೆ ಕೊಯ್ದು ಎಸೆದರು. ಅಂದು ಎಸೆದ ತುಂಡಿಗಾಗಿಯೇ ಇಂದು ಹುಡುಕಾಟ. ಕೊಳ್ಳುವವರು ಮಾದರಿಯನ್ನೂ ಗಮನಿಸಬೇಕು. ನಾಲ್ಕನೆಯ ನಂಬರಿನ ರೈಫಲ್ಲಿನ ಮರ ಇದಕ್ಕೆ ಕೂರುವುದಿಲ್ಲ. ಹೊಸದಾಗಿ ಕಡೆದ ಮರವಂತೂ ತಂದೊಡನೆ ಹೊಂದುವುದೇ ಅಪರೂಪ. ಉಕ್ಕಿಗೆ ದೀಪದ ಕಪ್ಪನ್ನು ಎಣ್ಣೆಯಲ್ಲಿ ಕಲಸಿ ಬಳಿದು, ಮರದಲ್ಲಿ ಕೂರಿಸಿ ತೆಗೆದು, ಕಪ್ಪು ಹತ್ತಿದ ಕಡೆ ಮಾತ್ರ ಉಳಿಯಿಂದ ಹೆರೆಯುತ್ತ ಬರಬೇಕು. ಇದು ದಿನಗಟ್ಟಲೆಯ ಕೆಲಸ.

ನಮ್ಮ ಕಾಲೇಜಿನಲ್ಲಿ ಕವಾಯತಿಗಾಗಿ ಇರುವ, ಗುಂಡು ಹಾರದಂತೆ ಮಾಡಿದ ಇಂಥದೊಂದು ರೈಫಲ್ಲಿನ ಮುಂಭಾಗದ ಮರ ಸೀಳಿದೆ. ಎರಡು ವರ್ಷದಿಂದ ತಂತಿ ಸುತ್ತಿಟ್ಟಿದ್ದಾರೆ. ನಾನು ಅದರ ಆಕಾರವನ್ನು ಕಾಗದದ ಮೇಲೆ ಬರೆದು ಅಪ್ಪನಿಗೆ ತೋರಿಸಿದೆ. ಅವರು ಓದಿದ್ದು ಮೂರನೆಯ ತರಗತಿ. ರೈಫಲ್ಲನ್ನು ಕೈಯಲ್ಲಿ ಹಿಡಿದವರಲ್ಲ. ಚಿತ್ರವನ್ನು ಸ್ವಲ್ಪ ಹೊತ್ತು ನೋಡಿ, ಬಟ್ಟಿನ ಕುತ್ತಿಗೆಯ ಮೇಲೆ ಬೆರಳಿಟ್ಟು, "ಇಲ್ಲಿ ಎಳೆ ಉದ್ದುಕ್ಕೇ ಓಡ್ಬೇಕು ಕಣವ್ವ. ಅಡ್ಡ ಹೋದ್ರೆ ಕೊಡ್ಲಿ ಕಾವು ಮುರ್ದಂಗೆ ಮುರೀತದೆ" ಎಂದರು. ತೇಗ ಆದೀತೇ ಎಂದು ಕೇಳಿದೆ. "ತ್ಯಾಗ ಪೆಟ್ಟು ತಡೆಯಾಕಿಲ್ಲ. ಜಾಲಿ ತಡೀತದೆ, ಆದ್ರೆ ಹೊರೋರ ಹೆಗಲು ಬಿದ್ದೋಯ್ತದೆ." ಹಗುರವೂ ಆಗಿರಬೇಕು, ಪೆಟ್ಟನ್ನೂ ತಡೆಯಬೇಕು, ಹವೆಗೆ ತಿರುಚಿಕೊಳ್ಳಲೂ ಬಾರದು. ಅಕ್ರೋಟ್ ಮರವನ್ನು ಆರಿಸಿದ್ದು ಈ ಕಾರಣಗಳಿಗಾಗಿಯೇ. ಹಿಮಾಲಯದ ಸೀಮೆಯಲ್ಲಿ ಬೆಳೆಯುವ ಆ ಮರಕ್ಕೆ ಅಪ್ಪ ಒಮ್ಮೆಯೂ ಗರಗಸ ಇಟ್ಟವರಲ್ಲ.

ಮರ ಕೊಟ್ಟರೆ ಒಂದು ವಾರದಲ್ಲಿ ಮಾಡಿಕೊಡುತ್ತೇನೆ ಎಂದರು. ಮಾಡುವಂತಿಲ್ಲ. ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ 'ಆಯುಧ' ಎಂಬುದರಲ್ಲಿ ಆಯುಧದ ಭಾಗಗಳೂ ಸೇರುತ್ತವೆ. ೫ನೆಯ ಕಲಮಿನ ಮೇರೆಗೆ ಲೈಸೆನ್ಸ್ ಇಲ್ಲದವರು ಅವನ್ನು ತಯಾರಿಸುವುದಾಗಲಿ ದುರಸ್ತಿ ಮಾಡುವುದಾಗಲಿ ಕೂಡದು. ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಪಡೆದಿರುವ ಕೊಡಗಿನ ಗೆಳತಿಯರಿಗೆ ಇದನ್ನು ಹೇಳಿದಾಗ ಅವರು ನಕ್ಕರು. ಕಾನೂನು ಸರಿಯೆಂದೇ ನನ್ನ ಅಭಿಪ್ರಾಯ. ಬಂದೂಕಿನ ಭಾಗಗಳನ್ನು ಬೀದಿಗೊಬ್ಬರು ಮಾಡತೊಡಗಿದರೆ ಗತಿಯೇನು? ಆದರೂ ಅಪ್ಪನಿಗೆ ಅದನ್ನು ತಿಳಿಸಿ ಹೇಳುವಾಗ, ಬಲ್ಲವರ ಕೈಯನ್ನು ನಾನೇ ಹಿಡಿದಂತಾಯಿತು. ಅವರು "ಸರಿ ಬುಡು" ಎಂದು ಕಾಗದವನ್ನು ಮಡಿಸಿ ಉಳಿಗಳ ಪೆಟ್ಟಿಗೆಯಲ್ಲಿ ಇಟ್ಟುಕೊಂಡರು.

ಬದಲಿ ಮರಕ್ಕಾಗಿ ಮೇಲಿನವರಿಗೆ ಬರೆದಾಗಿದೆ. ಅದು ಬರುವತನಕ ಉಳಿದ ರೈಫಲ್ಲುಗಳ ಮರವಾದರೂ ಬಿರಿಯದಿರಲೆಂದು, ಅಪ್ಪಣೆ ಪಡೆದು, ನಾವು ನಾಲ್ವರು ಹಸಿ ಅಗಸೆ ಎಣ್ಣೆ ಹಚ್ಚುತ್ತಿದ್ದೇವೆ. ಉಕ್ಕಿಗೆ ಹಾಕುವ ಯಂತ್ರದ ಎಣ್ಣೆ ಮರಕ್ಕೆ ತಗಲಬಾರದು, ಅದು ಎಳೆಗಳನ್ನು ಮೆತ್ತಗೆ ಮಾಡುತ್ತದೆ. ಅಗಸೆ ಎಣ್ಣೆಯನ್ನು ಅಂಗೈಯಲ್ಲಿ ಬಿಸಿಯೇರುವಂತೆ ತಿಕ್ಕಿ, ಅರ್ಧ ಗಂಟೆ ಬಿಟ್ಟು, ಹೀರದೆ ಉಳಿದುದನ್ನು ಒರಸಿ ತೆಗೆಯಬೇಕು. ಒರಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಕೂಡದು; ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುವುದುಂಟು. ಹರವಿ ಒಣಗಿಸಬೇಕು.