ಫೀಡ್‌ಲಾಟ್ ದನಕ್ಕೆ ಸೂಜಿ ಕುತ್ತಿಗೆಗೇ ಏಕೆ?

ಅಮೆರಿಕದ ಟೆಕ್ಸಾಸ್, ಕ್ಯಾನ್ಸಸ್, ನೆಬ್ರಾಸ್ಕ ರಾಜ್ಯಗಳ ಫೀಡ್‌ಲಾಟ್‌ಗಳಲ್ಲಿ ಮಾಂಸಕ್ಕಾಗಿ ಕೊಬ್ಬಿಸುವ ದನಗಳಿಗೆ ಲಸಿಕೆ, ಔಷಧಗಳನ್ನು ಹಿಂದೆ ತೊಡೆ, ಸೊಂಟದ ಸ್ನಾಯುಗಳಿಗೇ ಚುಚ್ಚುವುದು ರೂಢಿಯಲ್ಲಿತ್ತು. ದುಬಾರಿ ಬೆಲೆಯ ಮಾಂಸ ದೊರೆಯುವುದೂ ಅಲ್ಲಿಂದಲೇ! 1991ರ ರಾಷ್ಟ್ರೀಯ ಗೋಮಾಂಸ ಗುಣಮಟ್ಟ ಸಮೀಕ್ಷೆಯು ಈ ಚುಚ್ಚುಗಾಯಗಳಿಂದಾಗುವ ನಷ್ಟದತ್ತ ಬೊಟ್ಟು ಮಾಡಿತು. ಚುಚ್ಚಿದ ಜಾಗ ಗಂಟುಗಟ್ಟುತ್ತದೆ, ಕೆಲವೊಮ್ಮೆ ಕೀವು ತುಂಬುತ್ತದೆ. ಗಾಯದಿಂದ ಸುಮಾರು 3 ಅಂಗುಲ ದೂರದವರೆಗೂ ಮಾಂಸ ಗಡುಸಾಗುವುದು ಸಂಶೋಧನೆಗಳಿಂದ ಕಂಡುಬಂದಿದೆ.

ಆದ್ದರಿಂದಲೇ ಈಗಿನ ಮಾರ್ಗಸೂಚಿಯ ಪ್ರಕಾರ ಚುಚ್ಚುಮದ್ದು ಭುಜಕ್ಕಿಂತ ಮುಂದೆ, ಕುತ್ತಿಗೆಗೆ ಮಾತ್ರ. ಔಷಧದ ಲೇಬಲ್‌ನಲ್ಲಿ ಅವಕಾಶವಿದ್ದರೆ ಸ್ನಾಯುವಿಗಿಂತ ಚರ್ಮದಡಿಯೇ ಲೇಸು. ಒಂದೇ ಜಾಗದಲ್ಲಿ 10 ಮಿ.ಲೀ. ಮೀರಕೂಡದು. 10-15 ದನಗಳಿಗೊಮ್ಮೆ ಸೂಜಿ ಬದಲಿಸಬೇಕು. ಬಾಗಿದ ಸೂಜಿಯನ್ನು ನೆಟ್ಟಗೆ ಮಾಡಿ ಮತ್ತೆ ಬಳಸುವ ಜಿಪುಣತನವಂತೂ ಸಲ್ಲದು. ಅದು ಮುರಿದು ದೇಹದಲ್ಲೇ ಉಳಿದರೆ ಆ ದನವನ್ನು ಗುರುತು ಮಾಡಿ ಬೇರೆಯಿರಿಸಬೇಕಾಗುತ್ತದೆ.