ಒಂದು ರೂಪಾಯಿ 300 ವರ್ಷ ಶೇ 12ರಂತೆ ಬೆಳೆಯಬಲ್ಲದೇ?

‘ಸ್ವಲ್ಪ ಹಣ ಹೂಡಿ, ಮುಟ್ಟದೆ ಬಿಡಿ, ಚಕ್ರಬಡ್ಡಿ ನಿಮ್ಮ ಏಳು ತಲೆಮಾರನ್ನು ಸಾಕುತ್ತದೆ’ ಎನ್ನುವ ಧಾಟಿಯ ಸಂದೇಶಗಳು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿರುತ್ತವೆ. ಗುಣಾಕಾರವೇನೋ ಸರಿ. ಹಾಗಾದರೆ ಎಡವುವುದು ಎಲ್ಲಿ? ನೋಡೋಣ.

ಲೆಕ್ಕ ಏನು ಹೇಳುತ್ತದೆ?

ಶೇ 12ರ ಚಕ್ರಬಡ್ಡಿಯಲ್ಲಿ 1 ರೂಪಾಯಿ 30 ವರ್ಷಕ್ಕೆ ಸುಮಾರು 30 ರೂಪಾಯಿ ಆಗುತ್ತದೆ. ಇದನ್ನು ನಂಬಬಹುದು. 300 ವರ್ಷಕ್ಕೆ? ಸುಮಾರು 580 ಲಕ್ಷ ಕೋಟಿ ರೂಪಾಯಿ! 2024-25ರಲ್ಲಿ ಇಡೀ ಭಾರತದ ಜಿಡಿಪಿಯೇ ಸುಮಾರು 330 ಲಕ್ಷ ಕೋಟಿ. ಬಡ್ಡಿ ಆಕಾಶದಿಂದ ಉದುರುವುದಿಲ್ಲ. ಯಾರೋ ಬೆಳೆದು, ದುಡಿದು ಕೊಡಬೇಕು. ದೇಶದ ದುಡಿಮೆಗಿಂತ ವೇಗವಾಗಿ ಒಬ್ಬರ ಹಣ ಶತಮಾನಗಟ್ಟಲೆ ಬೆಳೆದರೆ, ಕೊನೆಗೆ ದೇಶವೇ ಅವರದ್ದಾಗಬೇಕು. ಅದು ಆಗದ ಮಾತು.

ನಮ್ಮ ಜಿಲ್ಲೆಯ ಸಾಕ್ಷಿ

ಮದ್ದೂರು ತಾಲ್ಲೂಕಿನ ಆತಕೂರು: ಹಂದಿಯೊಡನೆ ಕಾದು ಸತ್ತ ‘ಕಾಳಿ’ ಎಂಬ ನಾಯಿಯ ನೆನಪಿಗೆ ಸುಮಾರು ಕ್ರಿ.ಶ. 950ರಲ್ಲಿ ಇಲ್ಲಿ ಕಲ್ಲು ನೆಟ್ಟು, ಭೂಮಿ ದಾನ ಬಿಟ್ಟರು. ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಅಂದು ಈ ನಾಡನ್ನು ಆಳುತ್ತಿದ್ದ ಗಂಗರ ರಾಜ್ಯ ಮಾತ್ರ ಕೆಲವೇ ದಶಕಗಳಲ್ಲಿ ಮುಗಿಯಿತು. ಶಾಸನಗಳು ‘ಆಚಂದ್ರಾರ್ಕ’ ಎಂದರೂ, ಕಾಯುವ ರಾಜನಿಲ್ಲದೆ ದಾನ ಉಳಿಯುವುದು ಕಷ್ಟ.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರ: 1902ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಕೇಂದ್ರ ಇನ್ನೂ ಇದೆ. ಗಣಿ 2001ರಲ್ಲಿ ಮುಚ್ಚಿತು.

ಮಂಡ್ಯದ ಮೈಷುಗರ್: 1933ರಲ್ಲಿ ಶುರುವಾದ ಕಂಪನಿ ನಷ್ಟಕ್ಕೆ ಸಿಕ್ಕಿ, ಕೆಲವು ಹಂಗಾಮು ಅರೆಯುವುದನ್ನೇ ನಿಲ್ಲಿಸಿ, 2022ರಲ್ಲಿ ಸರ್ಕಾರದ ನೆರವಿನಿಂದ ಮತ್ತೆ ಗಾಣ ತಿರುಗಿಸಿತು.

200 ವರ್ಷ ಇಟ್ಟು ನೋಡಿದಾಗ

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1790ರಲ್ಲಿ ತೀರಿಕೊಂಡಾಗ ಬಾಸ್ಟನ್, ಫಿಲಡೆಲ್ಫಿಯಾ ನಗರಗಳಿಗೆ ತಲಾ 1,000 ಪೌಂಡ್ ಬಿಟ್ಟಿದ್ದರು. 200 ವರ್ಷಕ್ಕೆ ಪ್ರತಿ ನಗರದಲ್ಲೂ 40 ಲಕ್ಷ ಪೌಂಡ್ ಆಗುತ್ತದೆಂದು ಅವರ ಲೆಕ್ಕ. 1990ರಲ್ಲಿ ಬಾಸ್ಟನ್‌ನಲ್ಲಿದ್ದುದು ಸುಮಾರು 50 ಲಕ್ಷ ಡಾಲರ್, ಫಿಲಡೆಲ್ಫಿಯಾದಲ್ಲಿ 20 ಲಕ್ಷದಷ್ಟು. ಡಾಲರ್ ಪೌಂಡ್‌ಗಿಂತ ಅಗ್ಗ. ಜೊತೆಗೆ ಬೆಲೆಯೇರಿಕೆ ಆ ಹಣದ ಕಸುವನ್ನೂ ತಿಂದಿತ್ತು.

ನಾವು ಹೇಳುವುದೇನು?

20-30 ವರ್ಷದ ಉಳಿತಾಯಕ್ಕೆ ಚಕ್ರಬಡ್ಡಿ ನಿಜವಾದ ಗೆಳೆಯ. ಆದರೆ ಬೆಲೆಯೇರಿಕೆ, ತೆರಿಗೆ, ಯುದ್ಧ, ಪಾಲು-ಪಾರಿಕತ್ತುಗಳನ್ನು ದಾಟಿ ಒಂದೇ ದರದಲ್ಲಿ ಶತಮಾನ ಬೆಳೆಯುವ ಹಣವಿಲ್ಲ. ಇದೇ ಲೆಕ್ಕ ತೋರಿಸಿ, ‘ಪ್ರತಿ ವರ್ಷ ಇಷ್ಟೇ ಲಾಭ, ಗ್ಯಾರಂಟಿ’ ಎಂದು ಕಬ್ಬಿನ ಹಣ ಕೇಳುವವರು ಬಂದರೆ, ರಿಸರ್ವ್ ಬ್ಯಾಂಕಿನ ‘ಸಚೇತ್’ ಪೋರ್ಟಲ್‌ನಲ್ಲಿ ವಿಚಾರಿಸಿ. ಆಮೇಲೆ ಹಣ ಕೊಡಿ, ಆಮೇಲೆ ಫಾರ್ವರ್ಡ್ ಮಾಡಿ.